ಆರ್‌ವಿ-7 ಬಾಲದ ಕಿಟ್: ಒಬ್ಬ ಫಿಟ್ಟರ್ ಕಣ್ಣಲ್ಲಿ

ಮನೆಯಲ್ಲೇ ವಿಮಾನ ಕಟ್ಟುತ್ತಿದ್ದೀನಿ ಅಂದ ಕೂಡಲೇ ಎಲ್ಲರೂ ಕೇಳುವುದು ಎಂಜಿನ್ ಯಾವುದು, ಎಷ್ಟು ಸ್ಪೀಡ್ ಹೋಗುತ್ತೆ ಅಂತ. ನನ್ನ ಹತ್ತಿರ ಎಂಜಿನ್ ಇಲ್ಲ. ರೆಕ್ಕೆಯೂ ಇಲ್ಲ. ಇರುವುದು ಬಾಲ ಮಾತ್ರ. ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ-7 ಕಿಟ್ ಒಂದೇ ಸಲ ಬರಬೇಕು ಅಂತಿಲ್ಲ, ಕಂತುಕಂತಾಗಿ ತರಿಸಬಹುದು. ಮೊದಲು ಬಾಲ, ಆಮೇಲೆ ರೆಕ್ಕೆ, ಆಮೇಲೆ ಒಡಲು, ಕೊನೆಗೆ ಫಿನಿಶಿಂಗ್ ಕಿಟ್. ಎಂಜಿನ್, ಪ್ರೊಪೆಲ್ಲರ್, ಮೀಟರುಗಳು ಇವೆಲ್ಲ ಬೇರೆ ಲೆಕ್ಕ. ಈ ಬರಹ ಬಾಲದ ಕಿಟ್ ಬಗ್ಗೆ ಅಷ್ಟೇ. ಹಾರಾಟದ ಕಥೆ ಬೇಕಿದ್ದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ನಾನು ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಪ್ರೆಸ್ ಟೂಲ್, ಡೈ, ಜಿಗ್, ಫಿಕ್ಸ್ಚರ್, ಇವುಗಳ ಜೊತೆಗೇ ಬದುಕಿದ್ದೀನಿ. ಹಾಗಾಗಿ ಪೆಟ್ಟಿಗೆ ಬಿಚ್ಚಿದಾಗ ನನ್ನ ಕಣ್ಣು ಹೋಗಿದ್ದು ತೂತುಗಳ ಕಡೆಗೆ. ಮಗಳು ಮಾತ್ರ ರಡ್ಡರ್, ಅಂದರೆ ಬಾಲದಲ್ಲಿ ಎಡಬಲಕ್ಕೆ ತಿರುಗುವ ಭಾಗದ ತಗಡು ಎತ್ತಿ ಹಿಡಿದು, "ಅಪ್ಪಾ, ಇಷ್ಟು ತೆಳ್ಳಗಿದೆ, ಇದು ವಿಮಾನಕ್ಕಾ?" ಅಂದಳು. ಅರ್ಧ ಮಿಲಿಮೀಟರ್ ಆಸುಪಾಸಿನ ತಗಡು. ಒಂದು ಮೂಲೆ ಹಿಡಿದರೆ ಇನ್ನೊಂದು ಮೂಲೆ ಬಳುಕುತ್ತದೆ. ಅವಳ ಅನುಮಾನ ಸಹಜವೇ. ಬಿಡಿ ತಗಡಿಗೆ ಬಲ ಇರುವುದಿಲ್ಲ. ಅದನ್ನು ಸರಿಯಾದ ಜಾಗದಲ್ಲಿ ಬಗ್ಗಿಸಿ, ಒಳಗೆ ಪಕ್ಕೆಲುಬಿನ ಥರದ ರಿಬ್ ಕೊಟ್ಟು, ಸಾಲಾಗಿ ರಿವೆಟ್ ಮೊಳೆ ಹೊಡೆದು ಮುಚ್ಚಿದ ಮೇಲೆ ಅದೇ ತಗಡು ತಿರುಚಿದರೂ ತಿರುಚುವುದಿಲ್ಲ.

ಸರಿಯಾದ ಜಾಗ ಅಂದೆನಲ್ಲ, ಈ ಕಿಟ್‌ನ ಜೀವ ಇರುವುದು ಅಲ್ಲೇ. ಜಾಗ ಹುಡುಕುವ ಕೆಲಸ ನಮಗಿಲ್ಲ. ಅದನ್ನು ಕಂಪನಿಯ ಪಂಚಿಂಗ್ ಯಂತ್ರ ಮೊದಲೇ ಮಾಡಿಟ್ಟಿದೆ. ತಗಡಿನಲ್ಲಿ ತೂತು, ರಿಬ್ಬಿನಲ್ಲಿ ತೂತು, ಉದ್ದಕ್ಕೂ ಬೆನ್ನೆಲುಬಿನಂತೆ ಹೋಗುವ ಸ್ಪಾರ್‌ನಲ್ಲಿ ತೂತು. ಮೂರನ್ನೂ ಒಂದರ ಮೇಲೊಂದು ಇಟ್ಟರೆ ಮೂರು ತೂತೂ ಒಂದೇ ಗೆರೆಯಲ್ಲಿ ಬಂದು ಕೂರುತ್ತವೆ. ತೂತುಗಳು ಕೂತವು ಅಂದರೆ ಬಾಲದ ಆಕಾರವೂ ಕೂತಿತು ಅಂತಲೇ ಅರ್ಥ.

ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಾದರೆ ಹಳೆಯ ಕಾಲ ನೋಡಬೇಕು. ಈ ಕಂಪನಿ ಕಟ್ಟಿದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರ ಆರ್‌ವಿ-3 ಮೊದಲು ಹಾರಿದ್ದು 1971ರಲ್ಲಿ. ಎರಡು ಸೀಟಿನ ಆರ್‌ವಿ-4 ಹಾರಿದ್ದು 1979ರಲ್ಲಿ. ಆ ಕಾಲದಲ್ಲಿ ಕಟ್ಟುವವರು ಮೊದಲು ಮರದಲ್ಲೋ ಕಬ್ಬಿಣದಲ್ಲೋ ಒಂದು ಜಿಗ್, ಅಂದರೆ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು ಮಾಡಿಕೊಳ್ಳಬೇಕಿತ್ತು. ಅದನ್ನು ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು ನೇರ ಮಾಡಬೇಕಿತ್ತು. ಆಮೇಲೆ ರಿಬ್ಬುಗಳನ್ನು ಅದರಲ್ಲಿ ನಿಲ್ಲಿಸಿ, ತಗಡು ಹೊದಿಸಿ, ರಿವೆಟ್ ಸಾಲು ಎಲ್ಲಿ ಬರಬೇಕು ಅಂತ ತಾವೇ ಗುರುತು ಹಾಕಿ ಕೊರೆಯಬೇಕಿತ್ತು. ಜಿಗ್ ಸೊಟ್ಟ ಇದ್ದರೆ ವಿಮಾನವೂ ಸೊಟ್ಟ. ನನ್ನಂಥವನಿಗೆ ಅದು ಖುಷಿಯ ಕೆಲಸ, ಆದರೆ ಎಲ್ಲರಿಗೂ ಅಲ್ಲ. 2001ರಲ್ಲಿ ಬಂದ ಆರ್‌ವಿ-7ರಲ್ಲಿ ಈ ಜಿಗ್ ಕೆಲಸ ಹೆಚ್ಚುಕಮ್ಮಿ ಮಾಯವಾಗಿದೆ. ಭಾಗಗಳೇ ಒಂದಕ್ಕೊಂದು ಜಿಗ್.

ನಾನು ಸುಮ್ನೆ ನಂಬುವ ಜಾತಿಯವನಲ್ಲ. ಬಾಲದ ಅಡ್ಡ ಭಾಗವನ್ನು ಒಂದು ರಿವೆಟ್ಟೂ ಹೊಡೆಯದೆ ಪೂರ್ತಿ ಕ್ಲೆಕೊ ಹಾಕಿ ಜೋಡಿಸಿ ನೋಡಿದೆ. ಕ್ಲೆಕೊ ಅಂದರೆ ಬಟ್ಟೆ ಕ್ಲಿಪ್ ಥರ, ತಾತ್ಕಾಲಿಕವಾಗಿ ಹಿಡಿದುಕೊಳ್ಳುವ ಸ್ಪ್ರಿಂಗ್ ಪಿನ್ನು. ಇಕ್ಕಳದಿಂದ ಒತ್ತಿದರೆ ಮೂತಿ ಸಣ್ಣಗಾಗಿ ತೂತಿನೊಳಗೆ ಹೋಗುತ್ತದೆ, ಬಿಟ್ಟರೆ ಅಗಲವಾಗಿ ಎರಡೂ ತಗಡನ್ನು ಅಪ್ಪಿಕೊಳ್ಳುತ್ತದೆ. ಬೆಳ್ಳಿ ಬಣ್ಣದ್ದು 3/32 ಇಂಚಿನ ತೂತಿಗೆ, ತಾಮ್ರದ ಬಣ್ಣದ್ದು 1/8 ಇಂಚಿಗೆ. ಪೂರ್ತಿ ಜೋಡಿಸಿದ ಮೇಲೆ ಸಪಾಟಾದ ಮೇಜಿನ ಮೇಲಿಟ್ಟು, ಎರಡೂ ತುದಿಗೆ ಮಟ್ಟದ ಗೇಜ್ ಹಿಡಿದೆ. ತಿರುಚು ಕಾಣಲಿಲ್ಲ. ಸ್ಟೀಲ್ ಪಟ್ಟಿ ಇಟ್ಟು ಸ್ಪಾರ್ ನೋಡಿದೆ. ಬೆಳಕು ತೂರಲಿಲ್ಲ. ಮನೆಗೆ ಬಂದ ತಗಡು ಇಷ್ಟು ನಿಖರವಾಗಿ ಕೂತಿದ್ದನ್ನು ನಾನು ಇಷ್ಟು ವರ್ಷದ ಕೆಲಸದಲ್ಲಿ ನೋಡಿದ್ದು ಕಡಿಮೆ. ಈ ಒಂದು ವಿಷಯಕ್ಕೇ ನಾನು ಇದಕ್ಕೆ ಫುಲ್ ಮಾರ್ಕ್ಸ್ ಕೊಡುತ್ತೇನೆ.

ಆದರೆ ಇದನ್ನು ಓದಿ, ಹಾಗಾದರೆ ಜೋಡಿಸೋದು ಅಷ್ಟೇ ಕೆಲಸ ಅಂದುಕೊಳ್ಳಬೇಡಿ. ತೂತಿನ ಜಾಗ ಕಂಪನಿಯದು, ತೂತು ಮಾತ್ರ ನಿಮ್ಮದೇ. ಆರ್‌ವಿ-7ರಲ್ಲಿ ಬಹಳಷ್ಟು ತೂತುಗಳು ಪೂರ್ತಿ ಅಳತೆಗೆ ಬಂದಿರುವುದಿಲ್ಲ. ಕ್ಲೆಕೊ ಹಾಕಿ ಜೋಡಿಸಿ, ಒಂದೊಂದಕ್ಕೂ ಡ್ರಿಲ್ ಬಿಟ್ಟು ಕೊನೆಯ ಅಳತೆಗೆ ತರಬೇಕು. 3/32 ರಿವೆಟ್‌ಗೆ ನಂಬರ್ 40 ಬಿಟ್, 1/8ಕ್ಕೆ ನಂಬರ್ 30. ಆಮೇಲೆ ಎಲ್ಲಾ ಬಿಚ್ಚಬೇಕು. ಹೌದು, ಎಲ್ಲಾ. ಪ್ರತಿ ತೂತಿನ ಎರಡೂ ಬದಿಯ ಬರ್, ಅಂದರೆ ಕೊರೆದಾಗ ಅಂಚಿನಲ್ಲಿ ಏಳುವ ಚೂಪು ಲೋಹ ತೆಗೆಯಬೇಕು. ಪ್ರತಿ ತಗಡಿನ ಅಂಚು ತೀಡಿ ನುಣುಪು ಮಾಡಬೇಕು. ರಿವೆಟ್ ತಲೆ ಒಳಗೆ ಕೂರಬೇಕಾದ ಕಡೆ ಡಿಂಪಲ್, ಅಂದರೆ ತೂತಿನ ಸುತ್ತ ಚಿಕ್ಕ ತಗ್ಗು ಒತ್ತಬೇಕು. ಪ್ರೈಮರ್ ಹೊಡೆಯುವುದಾದರೆ ಹೊಡೆಯಬೇಕು. ಮತ್ತೆ ಜೋಡಿಸಬೇಕು. ಆಮೇಲೆ ರಿವೆಟ್. ಒಂದೇ ವಸ್ತುವನ್ನು ಎರಡು ಸಲ ಕಟ್ಟಿದ ಹಾಗೆ. ಈ ಕೊರೆಯುವ ಕೆಲಸ ಬೇಡ ಅನ್ನುವವರಿಗೆ ಅದೇ ಕಂಪನಿಯ ಆರ್‌ವಿ-14 ಇದೆ. ಅದರಲ್ಲಿ ತೂತುಗಳು ಬಹುಪಾಲು ಕೊನೆಯ ಅಳತೆಗೇ ಬರುತ್ತವೆ.

ಬರ್ ತೆಗೆಯುವುದು ಯಾಕೆ ಇಷ್ಟು ಮುಖ್ಯ ಅಂತ ಮಗಳು ಕೇಳಿದಳು. ಬೇಜಾರಿನ ಕೆಲಸ, ಕೇಳುವುದು ನ್ಯಾಯವೇ. ತಗಡಿಗೆ ಎಳೆತ ಬಿದ್ದಾಗ ಅದು ತೂತಿನ ಅಂಚಿಗೆ ಬಂದು ಸೇರುತ್ತದೆ. ಅಂಚು ನುಣುಪಾಗಿದ್ದರೆ ಸುತ್ತಲೂ ಹಂಚಿಹೋಗುತ್ತದೆ. ಅಲ್ಲೊಂದು ಮುಳ್ಳಿನಷ್ಟು ಸೀಳು ಇದ್ದರೆ ಬಿರುಕು ಅಲ್ಲಿಂದಲೇ ಶುರು. 1954ರಲ್ಲಿ ಕಾಮೆಟ್ ಜೆಟ್ ವಿಮಾನಗಳು ಗಾಳಿಯಲ್ಲೇ ಒಡೆದು ಬಿದ್ದವಲ್ಲ, ಆಮೇಲೆ ಫಾರ್ನ್‌ಬರೋದಲ್ಲಿ ಒಂದು ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸಾವಿರಾರು ಸಲ ಒತ್ತಡ ಕೊಟ್ಟು ಪರೀಕ್ಷೆ ಮಾಡಿದರು. ಅದು ಕಿಟಕಿ ಮೂಲೆಯ ಹತ್ತಿರದ ಒಂದು ಪುಟ್ಟ ತೂತಿನಿಂದ ಸೀಳಿಕೊಂಡಿತ್ತು. ನಮ್ಮದು ಒತ್ತಡ ತುಂಬಿದ ಜೆಟ್ ಅಲ್ಲ, ನಿಜ. ಲೋಹದ ಸ್ವಭಾವ ಮಾತ್ರ ಅದೇ. ಇದನ್ನು ಹೇಳಿದ ಮೇಲೆ ಅವಳು ಮಾತಾಡದೆ ಡಿಬರಿಂಗ್ ಟೂಲ್ ಕೈಗೆ ತಗೊಂಡಳು. ಈಗ ನನಗಿಂತ ಅವಳೇ ಚೆನ್ನಾಗಿ ಮಾಡುತ್ತಾಳೆ. ಹಗುರವಾಗಿ ಒಂದೆರಡು ಸುತ್ತು, ಅಷ್ಟೇ. ಜಾಸ್ತಿ ತಿರುಗಿಸಿದರೆ ಬರ್ ಹೋಗಿ ಅಂಚೇ ಚೂಪಾಗುತ್ತದೆ.

ಹಳೆಯ ಫಿಟ್ಟರುಗಳಿಗೆ ಒಂದು ಮಾತು. ನಿಮ್ಮ ಜೇಬಿನ ಸ್ಕ್ರೈಬರ್ ಮನೆಯೊಳಗೇ ಇಟ್ಟು ಬನ್ನಿ. ಉಕ್ಕಿನ ಮೇಲೆ ಗೀರು ಹಾಕಿ ಗುರುತು ಮಾಡುವ ಅಭ್ಯಾಸ ನಮಗೆ ರಕ್ತದಲ್ಲೇ ಇದೆ. ಇಲ್ಲಿ ಗೀರು ಅಂದರೆ ಬಿರುಕಿಗೆ ಆಹ್ವಾನ. ಪೆನ್ಸಿಲ್ ಕೂಡ ಬೇಡ. ಅದರ ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿ, ತೇವ ಸಿಕ್ಕರೆ ತಗಡನ್ನು ತಿನ್ನಲು ಶುರು ಮಾಡುತ್ತದೆ. ಬಟ್ಟೆಗೋ ಸಿಡಿಗೋ ಬರೆಯುವ ಮಾರ್ಕರ್ ಪೆನ್ ಸಾಕು. ತಗಡು 2024-ಟಿ3 ಅನ್ನುವ ಮಿಶ್ರಲೋಹ. ಅದರಲ್ಲಿ ಶೇ. 4ಕ್ಕಿಂತ ಸ್ವಲ್ಪ ಜಾಸ್ತಿ ತಾಮ್ರ ಇರುತ್ತದೆ. ಬಲ ಬರುವುದು ಅದರಿಂದ, ತುಕ್ಕಿನ ಥರದ ಕೊರೆತ ಬರುವುದೂ ಅದರಿಂದ. ಅದಕ್ಕೇ ಎರಡೂ ಮೇಲ್ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳುಪದರ ಕೂರಿಸಿ ಆಲ್‌ಕ್ಲಾಡ್ ಮಾಡಿರುತ್ತಾರೆ. ಆ ಪದರ ದಾಟಿ ಗೀರು ಬಿದ್ದರೆ ಕಾವಲು ಹೋಯಿತು.

ಈ ಗೀರು ತಪ್ಪಿಸಲಿಕ್ಕೇ ತಗಡುಗಳು ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಬರುತ್ತವೆ. ಪೂರ್ತಿ ಕಿತ್ತರೆ ಕೆಲಸದ ನಡುವೆ ಗೀರು ಬೀಳುತ್ತದೆ. ಹಾಗೇ ಬಿಟ್ಟರೆ ಡ್ರಿಲ್ ಮಾಡುವಾಗ ಚೂರು ಸಿಕ್ಕಿಕೊಳ್ಳುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಅಡಿಯಲ್ಲಿ ತೇವ ನಿಲ್ಲುತ್ತದೆ. ಕಟ್ಟುವವರೆಲ್ಲ ಮಾಡುವ ಉಪಾಯ ಒಂದಿದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ನಯ ಮಾಡಿಕೊಳ್ಳುತ್ತಾರೆ. ರಿವೆಟ್ ಸಾಲಿನ ಎರಡೂ ಪಕ್ಕ ಅದನ್ನು ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬಿಡುತ್ತದೆ, ತಗಡಿಗೆ ಏನೂ ಆಗುವುದಿಲ್ಲ. ನಡುವಿನ ಪಟ್ಟಿ ಮಾತ್ರ ಎಳೆದರೆ ಸರ್ರನೆ ಬರುತ್ತದೆ. ತೂತುಗಳ ಸಾಲು ಹೊಳೆಯುತ್ತ ಕಾಣುತ್ತದೆ, ಉಳಿದದ್ದೆಲ್ಲ ನೀಲಿ. ನೋಡಲಿಕ್ಕೂ ಚೆನ್ನ, ಕೆಲಸಕ್ಕೂ ಚೆನ್ನ.

ತೂತಿನ ಮಾತು ಬಂದಮೇಲೆ ಲೇಸರ್ ಗಲಾಟೆ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಕೊಳ್ಳುವವರು ಮೊದಲು ಕೇಳುವುದೇ ಇದನ್ನ. ಬೇಡಿಕೆ ಏರಿದ್ದ ಕಾಲದಲ್ಲಿ ಕಂಪನಿ ಕೆಲವು ಭಾಗಗಳ ತೂತುಗಳನ್ನು ಪಂಚ್ ಮಾಡುವ ಬದಲು ಲೇಸರ್‌ನಿಂದ ಕತ್ತರಿಸಿ ತರಿಸಿತು. ಅಂಥ ಭಾಗಗಳಿಗೆ ಡಿಂಪಲ್ ಒತ್ತಿದಾಗ ಕೆಲವು ತೂತುಗಳ ಅಂಚಿನಲ್ಲಿ ಬಿರುಕು ಕಾಣಿಸಿಕೊಂಡಿತು. 2023ರಲ್ಲಿ ಇದು ದೊಡ್ಡ ಸುದ್ದಿ. ಭಾಗ ಬದಲಿಸಿಕೊಡುವ ಹೊರೆ, ಜೊತೆಗೆ ಬೇರೆ ಹಣದ ತೊಂದರೆಗಳೂ ಸೇರಿ, ಆ ವರ್ಷ ಡಿಸೆಂಬರ್‌ನಲ್ಲಿ ಕಂಪನಿ ಅಮೆರಿಕದ ದಿವಾಳಿ ಕಾಯ್ದೆಯ 11ನೇ ಅಧ್ಯಾಯದಡಿ ಕೋರ್ಟಿನ ರಕ್ಷಣೆ ಕೇಳಿತು. 2024ರಲ್ಲಿ ಅದರಿಂದ ಹೊರಗೆ ಬಂದು ಈಗ ಕಿಟ್ ಕಳಿಸುತ್ತಿದೆ.

ಟೂಲ್ ರೂಮಿನವನಿಗೆ ಇದರಲ್ಲಿ ಅಚ್ಚರಿ ಏನಿಲ್ಲ. ಲೇಸರ್ ಕಿರಣ ತೂತು ಕತ್ತರಿಸುವಾಗ ಎಲ್ಲೋ ಒಂದು ಕಡೆ ಶುರು ಮಾಡಿ, ಸುತ್ತು ಹಾಕಿ, ಅಲ್ಲೇ ಬಂದು ನಿಲ್ಲಬೇಕು. ಆ ಶುರುವಾದ ಜಾಗದಲ್ಲಿ ಒಂದು ಚಿಕ್ಕ ಕಚ್ಚು ಉಳಿಯಬಹುದು. ಅಂಚು ಕಾವಿಗೆ ಸ್ವಲ್ಪ ಬದಲಾಗಿರುತ್ತದೆ ಕೂಡ. ತೂತನ್ನು ಡ್ರಿಲ್ ಬಿಟ್ಟು ಚೆನ್ನಾಗಿ ದೊಡ್ಡದು ಮಾಡಿದರೆ ಆ ಕಚ್ಚು ಹೋಗುತ್ತದೆ, ಇಲ್ಲದಿದ್ದರೆ ಉಳಿಯುತ್ತದೆ. ಡಿಂಪಲ್ ಅಂದರೆ ತೂತಿನ ಅಂಚನ್ನು ಬಲವಂತವಾಗಿ ಹಿಗ್ಗಿಸುವುದು. ಕಚ್ಚಿರುವ ಅಂಚು ಹಿಗ್ಗಿದರೆ ಏನಾಗುತ್ತೆ ಅಂತ ಕಲಿಯೋ ಹುಡುಗನೂ ಹೇಳುತ್ತಾನೆ ಅಲ್ವಾ? ನನ್ನ ಪೆಟ್ಟಿಗೆಯ ಭಾಗಗಳನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇಟ್ಟು ನೋಡಿದ್ದೇನೆ. ಎಲ್ಲಾ ಪಂಚ್ ತೂತೇ. ಒಂದು ಕಡೆ ಅಂಚು ಒಳಕ್ಕೆ ಸ್ವಲ್ಪ ದುಂಡಗೆ, ಇನ್ನೊಂದು ಕಡೆ ಸಣ್ಣ ಬರ್, ಒಳಗೋಡೆಯಲ್ಲಿ ಕತ್ತರಿಸಿದ ಹೊಳಪು. ಯಾರದಾದರೂ ಅರ್ಧ ಕಟ್ಟಿದ ಹಳೆಯ ಕಿಟ್ ಕೊಳ್ಳುವುದಾದರೆ ನೀವೂ ಒಂದು ಲೂಪ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಮಾರುವವರ ಮಾತಿಗಿಂತ ತೂತಿನ ಅಂಚು ನಂಬಿಕಸ್ತ.

ಈಗ ರಿವೆಟ್. ಕಿಟ್ ಜೊತೆ ರಿವೆಟ್‌ಗಳು ಚಿಕ್ಕಚಿಕ್ಕ ಚೀಲಗಳಲ್ಲಿ ಬರುತ್ತವೆ, ಪ್ರತಿಯೊಂದಕ್ಕೂ ನಂಬರ್ ಇರುತ್ತದೆ. ಎಎನ್470ಎಡಿ4-4 ಅಂದರೆ ಹೆದರಬೇಡಿ. 470 ಅಂದರೆ ಉಬ್ಬು ತಲೆ, ಎಡಿ ಅಂದರೆ ಅದರ ಲೋಹ, ಮೊದಲ 4 ಅಂದರೆ 4/32 ಇಂಚು ದಪ್ಪ, ಕೊನೆಯ 4 ಅಂದರೆ 4/16 ಇಂಚು ಉದ್ದ. ಎಎನ್426 ಅಂದರೆ ತಲೆ ತಗಡಿನ ಮಟ್ಟಕ್ಕೆ ಕೂರುವಂಥದ್ದು. ಒಂದು ಸಂಜೆಯಲ್ಲಿ ಬಾಯಿಪಾಠ ಆಗುತ್ತದೆ.

ಕೈಗೆ ಎಟುಕುವ ಕಡೆ ಇಕ್ಕಳದಂಥ ಸ್ಕ್ವೀಜರ್‌ನಿಂದ ಒತ್ತಿದರೆ ಮುಗಿಯಿತು, ಒಬ್ಬರೇ ಸಾಕು. ತಗಡಿನ ನಡುವೆ ಅದು ಎಟುಕುವುದಿಲ್ಲ. ಅಲ್ಲಿ ಒಬ್ಬರು ಹೊರಗಿನಿಂದ ರಿವೆಟ್ ಗನ್ ಹಿಡಿಯಬೇಕು, ಇನ್ನೊಬ್ಬರು ಒಳಗೆ ಬಕಿಂಗ್ ಬಾರ್ ಅನ್ನುವ ಭಾರದ ಲೋಹದ ತುಂಡು ಒತ್ತಿ ಹಿಡಿಯಬೇಕು. ನಮ್ಮನೆಯಲ್ಲಿ ಗನ್ ನನ್ನದು, ಬಾರ್ ಮಗಳದ್ದು. ಅವಳ ಕೈ ಸಪೂರ, ರಿಬ್ಬುಗಳ ನಡುವೆ ಹೋಗುತ್ತದೆ. ಕಿವಿಗೆ ಮಫ್ ಹಾಕಿಕೊಂಡು ಕೂಗಾಡಬೇಕು, ಹಾಗಾಗಿ ಮಾತು ಕಡಿಮೆ.

"ಕೂತಿದೆಯಾ ಪುಟ್ಟೀ?"

"ತಡಿ ಅಪ್ಪಾ, ಓರೆ ಇದೆ... ಹ್ಞಾಂ, ಈಗ ಹೊಡಿ."

ಟ್ರ್ರ್ರ್. ಒಂದು ಸೆಕೆಂಡಿನ ಕೆಲಸ.

"ಇನ್ನೊಂಚೂರು."

ಟ್ರ್ರ್.

"ಸಾಕು!"

ಅವಳು "ಸಾಕು" ಅನ್ನುವವರೆಗೆ ನಾನು ಗನ್ ತೆಗೆಯುವುದಿಲ್ಲ, "ಹೊಡಿ" ಅನ್ನುವವರೆಗೆ ಟ್ರಿಗರ್ ಮುಟ್ಟುವುದಿಲ್ಲ. ಬಾರ್ ಇಲ್ಲದೆ ಗನ್ ಬಡಿದರೆ ತಗಡಿಗೆ ಗುಂಡಿ ಬೀಳುತ್ತದೆ, ಅದನ್ನು ವಾಪಸ್ ತರಲು ಆಗುವುದಿಲ್ಲ. ಟಂಗ್‌ಸ್ಟನ್ ಬಾರ್ ಸಿಕ್ಕರೆ ಅದನ್ನೇ ತಗೊಳ್ಳಿ. ಅದೇ ಗಾತ್ರದ ಉಕ್ಕಿಗಿಂತ ಎರಡು ಪಟ್ಟಿಗೂ ಜಾಸ್ತಿ ತೂಕ ಇರುತ್ತದೆ. ಚಿಕ್ಕ ಜಾಗಕ್ಕೂ ಹೋಗುತ್ತದೆ, ಏಟನ್ನೂ ತಡೆಯುತ್ತದೆ.

ಸರಿಯಾಗಿ ಹೊಡೆದ ರಿವೆಟ್‌ನ ಒಳಬದಿ ಚಪ್ಪಟೆಯಾಗಿ ಒಂದು ಹೊಸ ತಲೆ ಆಗುತ್ತದೆ. ಅದರ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ. 3/32 ರಿವೆಟ್ ಆದರೆ ಸುಮಾರು 3.6 ಮಿ.ಮೀ. ಅಗಲ, 1.2 ಮಿ.ಮೀ. ಎತ್ತರ. ಇದಕ್ಕೊಂದು ಪುಟ್ಟ ಗೇಜ್ ಸಿಗುತ್ತದೆ. ಮೊದಮೊದಲು ಪ್ರತಿಯೊಂದಕ್ಕೂ ಹಿಡಿದು ನೋಡಿ, ಆಮೇಲೆ ಕಣ್ಣಿಗೇ ಗೊತ್ತಾಗುತ್ತದೆ. ತಲೆ ಓರೆಯಾಗಿದ್ದರೆ, ತೀರಾ ಚಪ್ಪಟೆಯಾಗಿದ್ದರೆ ಕೊರೆದು ತೆಗೆಯಬಹುದು. ಎಡಿ ರಿವೆಟ್ ಉಬ್ಬು ತಲೆಯ ನಡುವೆ ಒಂದು ಚುಕ್ಕಿ ಗುಂಡಿ ಇರುತ್ತದೆ, ಡ್ರಿಲ್ ತುದಿ ಅಲ್ಲಿ ಕೂರುತ್ತದೆ. ತಲೆಯ ಆಳದಷ್ಟೇ ಕೊರೆದು, ಪಂಚ್ ಇಟ್ಟು ಪಕ್ಕಕ್ಕೆ ಒತ್ತಿದರೆ ಟಕ್ ಅಂತ ಮುರಿಯುತ್ತದೆ. ಇದರಲ್ಲೂ ಒಂದು ವಿವೇಕ ಬೇಕು. ಸ್ವಲ್ಪ ಕಮ್ಮಿ ಚೆಂದದ ರಿವೆಟ್ ತೆಗೆಯಲು ಹೋಗಿ ಒಳ್ಳೆಯ ತೂತು ದೊಡ್ಡದು ಮಾಡಿಕೊಳ್ಳುವವರೇ ಜಾಸ್ತಿ.

ಉಪಕರಣದ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಕಿಟ್‌ನಲ್ಲಿ ಉಪಕರಣ ಬರುವುದಿಲ್ಲ, ಬೇರೆಯೇ ಕೊಳ್ಳಬೇಕು. "ವಿಮಾನ ಕಟ್ಟಲು ಬೇಕಾದ ಎಲ್ಲಾ ಟೂಲ್ ಒಂದೇ ಪೆಟ್ಟಿಗೆಯಲ್ಲಿ" ಅಂತ ಮಾರುವ ಒಬ್ಬರಿಂದ ಸೆಟ್ ತರಿಸಿದೆ. ಹೆಸರು ಬೇಡ. ಅದರಲ್ಲಿ ರಿವೆಟ್ ಗನ್ ಅಂತ ಇಟ್ಟಿದ್ದು ಉಳಿ ಹೊಡೆಯುವ ಏರ್ ಹ್ಯಾಮರ್. ಟ್ರಿಗರ್ ಒತ್ತಿದರೆ ಒಂದೇ ಸಲಕ್ಕೆ ಪೂರ್ತಿ ಬಲ. ನಿಜವಾದ ರಿವೆಟ್ ಗನ್‌ನಲ್ಲಿ ಟ್ರಿಗರ್ ಎಷ್ಟು ಒತ್ತುತ್ತೀರೋ ಅಷ್ಟೇ ಏಟು ಬರುತ್ತದೆ, ಮೊದಲ ಏಟು ಮೆಲ್ಲಗೆ ಹಾಕಿ ಆಮೇಲೆ ಏರಿಸಬಹುದು. ಇದು ಸೌಕರ್ಯದ ಮಾತಲ್ಲ, ಅದಿಲ್ಲದೆ ಕೆಲಸವೇ ಆಗುವುದಿಲ್ಲ. ಡಿಂಪಲ್ ಡೈ ಇನ್ನೂ ಅನ್ಯಾಯ. ಗಂಡು ಡೈಯ ಬುಡದ ಅಂಚನ್ನು ಪಾಲಿಶ್ ಮಾಡದೆ ಹಾಗೇ ಬಿಟ್ಟಿದ್ದರು. ರದ್ದಿ ತಗಡಿನಲ್ಲಿ ಒತ್ತಿ ನೋಡಿದೆ, ಪ್ರತಿ ಡಿಂಪಲ್ ಸುತ್ತ ಉಗುರಿನಲ್ಲಿ ಒತ್ತಿದಂಥ ಉಂಗುರ. ಪತ್ರ ಬರೆದರೆ "ಪೇಂಟ್ ಮಾಡಿದ ಮೇಲೆ ಕಾಣುವುದಿಲ್ಲ ಸಾರ್" ಅಂತ ಉತ್ತರ. ಡೈ ಮಾಡಿಯೇ ಬದುಕಿದವನಿಗೆ ಈ ಉತ್ತರ! ಅದನ್ನು ವಾಪಸ್ ಕಳಿಸಿ, ಒಂದೊಂದೇ ಟೂಲ್ ಆರಿಸಿ ತಗೊಂಡೆ. ನಿಮಗೂ ಅದನ್ನೇ ಹೇಳುತ್ತೇನೆ. ಕ್ಲೆಕೊ ಹಳೆಯದು ಸಿಕ್ಕರೂ ಪರವಾಗಿಲ್ಲ, ಇಕ್ಕಳ ಯಾವುದಾದರೂ ನಡೆಯುತ್ತದೆ. ಡೈ, ಗನ್, ಸ್ಕ್ವೀಜರ್ ಈ ಮೂರರಲ್ಲಿ ಮಾತ್ರ ಜಿಪುಣತನ ಬೇಡ.

ಡ್ರಾಯಿಂಗ್ ಬಗ್ಗೆ ನಮ್ಮನೆಯಲ್ಲಿ ಎರಡು ಅಭಿಪ್ರಾಯ ಇದೆ. ಆರ್‌ವಿ-7ಕ್ಕೆ ದೊಡ್ಡ ಹಾಳೆಯ ಡ್ರಾಯಿಂಗ್ ಬೇರೆ, ವಿವರಣೆಯ ಪುಸ್ತಕ ಬೇರೆ. ಪುಸ್ತಕ ಏನು ಮಾಡಬೇಕು ಅಂತ ಹೇಳುತ್ತದೆ, ಎಲ್ಲಿ ಅನ್ನುವುದನ್ನು ಡ್ರಾಯಿಂಗ್‌ನಲ್ಲಿ ನೀವೇ ಹುಡುಕಬೇಕು. ನನಗೆ ಇದು ಹಬ್ಬ. ಸೆಕ್ಷನ್, ಡೀಟೇಲ್, ನೋಟ್ ಎಲ್ಲಾ ಒಂದೇ ಹಾಳೆಯಲ್ಲಿ, ಹಳೆಯ ಡ್ರಾಯಿಂಗ್ ಆಫೀಸಿನ ಶಿಸ್ತು. ಮಗಳಿಗೆ ಇದು ತಲೆನೋವು. ಆರ್‌ವಿ-10ರಿಂದ ಈಚಿನ ಕಿಟ್‌ಗಳಲ್ಲಿ ಚಿತ್ರ ಮತ್ತು ಹೆಜ್ಜೆಗಳು ಒಂದೇ ಪುಟದಲ್ಲಿ ಇರುತ್ತವೆ, ಅದೇ ಒಳ್ಳೆಯದು ಅನ್ನುತ್ತಾಳೆ. ಡ್ರಾಯಿಂಗ್ ಓದಿ ಅಭ್ಯಾಸ ಇಲ್ಲದವರು ಅವಳ ಮಾತು ಕೇಳುವುದು ಕ್ಷೇಮ. ಎಲ್ಲಾ ಅಳತೆ ಇಂಚಿನಲ್ಲಿ ಇದೆ. ಮಿಲಿಮೀಟರ್‌ಗೆ ಬದಲಿಸಿಕೊಳ್ಳಲು ಹೋಗಬೇಡಿ. ಇಂಚಿನ ಸ್ಕೇಲ್, ಇಂಚಿನ ವರ್ನಿಯರ್, ನಂಬರ್ ಡ್ರಿಲ್ ತಗೊಂಡು ಅದರಲ್ಲೇ ಯೋಚನೆ ಮಾಡಿ.

ಬಾಲದ ಕಿಟ್‌ನಲ್ಲಿ ನಿಜವಾದ ಪರೀಕ್ಷೆ ರಡ್ಡರ್‌ನ ಹಿಂದಂಚು. ಎರಡು ಬದಿಯ ತಗಡುಗಳು ಅಲ್ಲಿ ಬಂದು ಕೂಡುತ್ತವೆ, ನಡುವೆ ಬೆಣೆಯ ಆಕಾರದ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ. ರಿವೆಟ್ ಎರಡೂ ಬದಿ ಮಟ್ಟಕ್ಕೆ ಕೂರಬೇಕು, ಅಂಚು ಹಗ್ಗ ಎಳೆದಷ್ಟು ನೇರ ಬರಬೇಕು. ಸೊಟ್ಟ ಬಂದರೆ ಕಣ್ಣಿಗೆ ಕೆಟ್ಟದಾಗಿ ಕಾಣುವುದು ಮಾತ್ರವಲ್ಲ, ಹಾರುವಾಗ ವಿಮಾನ ಒಂದು ಕಡೆ ಎಳೆಯಲೂಬಹುದು. ಒಂದು ತುದಿಯಿಂದ ಸಾಲಾಗಿ ಹೊಡೆಯುತ್ತ ಹೋದರೆ ಪ್ರತಿ ರಿವೆಟ್ ತಗಡನ್ನು ಒಂದಿಷ್ಟು ಹಿಗ್ಗಿಸುತ್ತದೆ. ಅದೆಲ್ಲ ಒಂದೇ ದಿಕ್ಕಿಗೆ ಸೇರಿ ಅಂಚು ಅಲೆಯಾಗುತ್ತದೆ. ನಾವು ಮಾಡಿದ್ದು ಹೀಗೆ. ನೇರವಾದ ಅಲ್ಯೂಮಿನಿಯಂ ಆಂಗಲ್‌ಗೆ ರಡ್ಡರ್‌ನದೇ ತೂತುಗಳನ್ನು ಕೊರೆದುಕೊಂಡೆವು. ಬೆಣೆಗೆ ಇಂಧನ ಟ್ಯಾಂಕಿಗೆ ಹಾಕುವ ಕಪ್ಪು ಸೀಲಂಟ್ ತೆಳ್ಳಗೆ ಸವರಿದೆವು. ಆಂಗಲ್‌ಗೆ ಬಿಗಿಯಾಗಿ ಕ್ಲೆಕೊ ಹಾಕಿ, ಸೀಲಂಟ್ ಗಟ್ಟಿಯಾಗುವವರೆಗೆ ಮುಟ್ಟಲಿಲ್ಲ. ಆಮೇಲೆ ನಡುವೆ ಒಂದು, ಎಡತುದಿಗೆ ಒಂದು, ಬಲತುದಿಗೆ ಒಂದು, ಹೀಗೆ ಹಾರಿಹಾರಿ ಹೊಡೆದೆವು. ಮೊದಲು ಅರ್ಧ ಏಟು, ಎಲ್ಲಾ ಆದ ಮೇಲೆ ಪೂರ್ತಿ ಏಟು. ಆಂಗಲ್ ಬಿಚ್ಚಿದಾಗ ಅಂಚು ನೇರ ಇತ್ತು. ಆ ಹಲಗೆಯಂಥ ರಡ್ಡರನ್ನು ಮಗಳು ಒಂದೇ ಕೈಯಲ್ಲಿ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. "ಪಾಸ್" ಅಂದಳು. ನಾನು ಒಬ್ಬ ಇನ್ಸ್‌ಪೆಕ್ಟರ್‌ಗೂ ಇಷ್ಟು ಭಯಪಟ್ಟವನಲ್ಲ.

ನಿಯಮದ ವಿಷಯ ಚಿಕ್ಕದಾಗಿ. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಅನುಮತಿ ಸಿಗಬೇಕಾದರೆ ಅದರ ಬಹುಪಾಲು ಕೆಲಸ ಕಲಿಕೆಗೋ ಹವ್ಯಾಸಕ್ಕೋ ಕಟ್ಟುವವರೇ ಮಾಡಿರಬೇಕು. ಶೇ. 51ರ ನಿಯಮ ಅಂತ ಎಲ್ಲರೂ ಕರೆಯುವುದು ಇದನ್ನೇ. ಕಿಟ್‌ನಲ್ಲಿ ಎಷ್ಟು ಕೆಲಸ ಮೊದಲೇ ಆಗಿ ಬರಬಹುದು ಅನ್ನುವುದಕ್ಕೆ ಮಿತಿ ಇರುವುದೂ ಅದರಿಂದಲೇ. ಬೇರೆ ದೇಶಗಳಿಗೆ ಅವರವರದೇ ನಿಯಮ. ಆರ್ಡರ್ ಮಾಡುವ ಮೊದಲು ನಿಮ್ಮ ವಿಮಾನಯಾನ ಇಲಾಖೆಯನ್ನು ಕೇಳಿ, ಆಮೇಲಲ್ಲ. ಎಲ್ಲಿದ್ದರೂ ಕೆಲಸದ ದಿನಚರಿ ಬರೆದಿಡಿ, ಫೋಟೊ ತೆಗೆದಿಡಿ. ಫೋಟೊದಲ್ಲಿ ನಿಮ್ಮ ಕೈ, ಮುಖ ಎರಡೂ ಇರಲಿ. ಮುಚ್ಚಿದ ಮೇಲೆ ಒಳಗಿನ ರಿವೆಟ್ ಯಾರಿಗೂ ಕಾಣುವುದಿಲ್ಲ.

ಯಾರಿಗೆ ಈ ಕಿಟ್ ಬೇಡ? ಬೇಗ ಹಾರಬೇಕು ಅನ್ನುವವರಿಗೆ ಬೇಡ. ಅವರು ಕಟ್ಟಿರುವ ವಿಮಾನ ಕೊಳ್ಳಲಿ. ಈ ಕಂಪನಿಯ ಬೇರೆಬೇರೆ ಮಾದರಿ ಸೇರಿ 10,000ಕ್ಕೂ ಹೆಚ್ಚು ವಿಮಾನಗಳು ಹಾರಿವೆ, ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಬಾಲ ಕಟ್ಟಿದರೆ ಪೂರ್ತಿ ವಿಮಾನದ ಅಂದಾಜು ಸಿಗುತ್ತೆ ಅಂದುಕೊಳ್ಳುವವರಿಗೂ ಒಂದು ಎಚ್ಚರಿಕೆ. ತಗಡಿನ ಅಂದಾಜು ಸಿಗುತ್ತದೆ, ನಿಜ. ವೈರಿಂಗ್, ಎಂಜಿನ್ ಕೂರಿಸುವುದು, ಇಂಧನದ ಕೊಳವೆ, ಮೇಲಿನ ಪಾರದರ್ಶಕ ಕ್ಯಾನೊಪಿ, ಫೈಬರ್ ಕೆಲಸ, ಇವುಗಳ ರುಚಿ ಬಾಲದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ತುದಿಗಳಿಗೆ ಒಂದಿಷ್ಟು ಫೈಬರ್ ಬರುತ್ತದೆ ಅಷ್ಟೇ. ಆ ಪುಡಿ ತುರಿಕೆ ನನಗಂತೂ ಆಗುವುದಿಲ್ಲ. ಇನ್ನು ಕಟ್ಟುವ ಆಸೆ ಇದೆ, ಕೈ ಬರುತ್ತೋ ಇಲ್ಲವೋ ಗೊತ್ತಿಲ್ಲ ಅನ್ನುವವರಿಗೆ ಅದೇ ಕಂಪನಿ ಅಭ್ಯಾಸದ ಚಿಕ್ಕ ಕಿಟ್‌ಗಳನ್ನೂ ಮಾರುತ್ತದೆ. ಒಂದು ಟೂಲ್ ಪೆಟ್ಟಿಗೆ, ಇನ್ನೊಂದು ರೆಕ್ಕೆಯ ಆಕಾರದ ತುಂಡು. ಎರಡನೆಯದು ಜಾಸ್ತಿ ಉಪಯೋಗ. ಡಿಂಪಲ್, ಬಾರ್, ಹಿಂದಂಚು ಎಲ್ಲಾ ಅದರಲ್ಲಿದೆ. ಹಾಳಾದರೆ ಹೊಟ್ಟೆ ಉರಿಯುವುದಿಲ್ಲ.

ತಗೊಳ್ಳುವುದು ಅಂತ ತೀರ್ಮಾನ ಮಾಡಿದ್ದರೆ ಆರ್ಡರ್ ಜೊತೆಗೇ ಇವನ್ನೂ ಸೇರಿಸಿ. ಎಎನ್426ಎಡಿ3-3.5 ರಿವೆಟ್ ಒಂದು ಚೀಲ ಜಾಸ್ತಿ, ಖಾಲಿಯಾಗುವುದು ಅದೇ. ನಂಬರ್ 40 ಮತ್ತು 30 ಬಿಟ್ ಹಿಡಿ ತುಂಬ, ಮೊಂಡಾದ ತಕ್ಷಣ ಎಸೆಯಿರಿ. ತೂತು ಸ್ವಲ್ಪ ದೊಡ್ಡದಾದ ಕಡೆ ಹಾಕಲು 1/8 ಇಂಚಿನ ಕಾಂಡ, 3/32ರ ಅಳತೆಯ ತಲೆ ಇರುವ ರಿವೆಟ್ ಸಿಗುತ್ತದೆ, ಅದೂ ಒಂದಿಷ್ಟು ಇರಲಿ. ಹಿಂದಂಚಿಗೆ ಬೇಕಾದ ಸೀಲಂಟ್ ಮಾತ್ರ ಈಗಲೇ ತರಿಸಬೇಡಿ. ಅದಕ್ಕೆ ಅವಧಿ ಇರುತ್ತದೆ, ರಡ್ಡರ್ ತಗಡಿಗೆ ಡಿಂಪಲ್ ಮುಗಿದ ಮೇಲೆ ತರಿಸಿದರೆ ಸಾಕು.